ಮನೆಯ ಗುರು, ಕಥೆಯ ಗುರು: ಲೂಯಿಸಾ ಆಲ್ಕಾಟಳ ಕೃತಿಗಳಲ್ಲಿ ತಂದೆಯ ಚಿತ್ರ

ಗುರುವನ್ನು ಸ್ತುತಿಸುವುದು ಸುಲಭ; ಗುರುವನ್ನು ಕಥೆಯ ಪಾತ್ರವಾಗಿ ನಿಲ್ಲಿಸುವುದು ಕಷ್ಟ. ಸ್ತುತಿಗೆ ಭಕ್ತಿಯೊಂದಿದ್ದರೆ ಸಾಕು. ಪಾತ್ರಕ್ಕೆ ದೇಹ ಬೇಕು, ಮಾತು ಬೇಕು, ಹಸಿವು ಆಯಾಸಗಳು ಬೇಕು, ಇವೆಲ್ಲಕ್ಕಿಂತ ಹೆಚ್ಚಾಗಿ ಏನಾದರೊಂದು ಕೊರತೆ ಬೇಕು. ಕೊರತೆಯೇ ಇಲ್ಲದ ವ್ಯಕ್ತಿಯು ಕಾದಂಬರಿಯೊಳಗೆ ಪ್ರವೇಶಿಸಿದರೆ ಗೋಡೆಯ ಮೇಲಿನ ಪಟದಂತೆ ಉಳಿಯುತ್ತಾನೆಯೇ ಹೊರತು ನಡೆದಾಡಲಾರನು. ಆ ಗುರುವು ಬರೆಯುವವರ ಮನೆಯವನೇ ಆಗಿದ್ದರೆ ಕಷ್ಟವು ಇಮ್ಮಡಿಯಾಗುತ್ತದೆ. ಶಾಲೆಯ ಗುರುವನ್ನು ಶಿಷ್ಯನು ದಿನದ ಕೆಲವು ಗಳಿಗೆ ಮಾತ್ರ ಕಾಣುತ್ತಾನೆ. ಮನೆಯ ಗುರುವನ್ನಾದರೋ ಉಪದೇಶದ ಪೀಠದಲ್ಲಿ ಕಂಡಂತೆಯೇ ಬರಿದಾದ ಕಣಜದ ಮುಂದೆಯೂ ಕಾಣಬೇಕಾಗುತ್ತದೆ. ಆತನ ನುಡಿಯನ್ನು ಕೇಳಿದ ಕಿವಿಗಳೇ ಆ ನುಡಿಗಾಗಿ ತಾಯಿಯು ತೆತ್ತ ಬೆಲೆಯನ್ನೂ ಕೇಳಿರುತ್ತವೆ. ಇಂಥ ಗುರುವನ್ನು ಪ್ರೀತಿಯಿಂದಲೂ ಸತ್ಯದಿಂದಲೂ ಏಕಕಾಲದಲ್ಲಿ ಚಿತ್ರಿಸಲು ಸಾಧ್ಯವೆ?

ಈ ಪ್ರಶ್ನೆಗೆ ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಸಾಹಿತ್ಯದಲ್ಲಿ ಒಂದು ವಿಶಿಷ್ಟವಾದ ಉತ್ತರವಿದೆ. 'ಲಿಟಲ್ ವಿಮೆನ್' ಕಾದಂಬರಿಯಿಂದ ಲೋಕಪ್ರಸಿದ್ಧಳಾದ ಲೂಯಿಸಾ ಮೇ ಆಲ್ಕಾಟಳು ತನ್ನ ತಂದೆಯಾದ ಬ್ರಾನ್ಸನ್ ಆಲ್ಕಾಟನನ್ನು ಒಂದು ಪಾತ್ರದಲ್ಲಿ ಚಿತ್ರಿಸಲಿಲ್ಲ. ಆತನನ್ನು ಮೂರು ಪಾಲು ಮಾಡಿ, ಮೂರು ಬೇರೆ ಬೇರೆ ಕೃತಿಗಳಲ್ಲಿ, ಮೂರು ಬೇರೆ ಬೇರೆ ಹೆಸರುಗಳಿಂದ ಇರಿಸಿದಳು. ಒಂದರಲ್ಲಿ ತಂದೆಯ ಸ್ಥಾನವಿದೆ, ಇನ್ನೊಂದರಲ್ಲಿ ಆತನ ಬೋಧನೆಯಿದೆ, ಮತ್ತೊಂದರಲ್ಲಿ ಆತನ ಸೋಲಿದೆ. ಈ ಮೂರನ್ನೂ ಒಟ್ಟಿಗೆ ಇರಿಸಿ ನೋಡದೆ, ಮೊದಲನೆಯದನ್ನು ಮಾತ್ರ ಓದಿ ತೀರ್ಪು ಕೊಟ್ಟವರು ಆಕೆಗೂ ಆಕೆಯ ತಂದೆಗೂ ನ್ಯಾಯ ಸಲ್ಲಿಸಿದಂತಾಗಲಿಲ್ಲ.

ಮೊದಲು ಮೂಲವ್ಯಕ್ತಿಯ ಪರಿಚಯವಾಗಬೇಕು. ಏಮಸ್ ಬ್ರಾನ್ಸನ್ ಆಲ್ಕಾಟನು ೧೭೯೯ರ ನವೆಂಬರ್ ೨೯ರಂದು ಕನೆಕ್ಟಿಕಟ್ ಸಂಸ್ಥಾನದ ವಾಲ್ಕಾಟ್ ಎಂಬ ಊರಿನಲ್ಲಿ ರೈತಕುಟುಂಬವೊಂದರಲ್ಲಿ ಜನಿಸಿದನು. ಕಾಲೇಜಿನ ಮೆಟ್ಟಿಲನ್ನು ಹತ್ತಿದವನಲ್ಲ. ತಾರುಣ್ಯದಲ್ಲಿ ದಕ್ಷಿಣದ ವರ್ಜೀನಿಯಾ ಮತ್ತು ಕೆರೊಲೈನಾ ಸಂಸ್ಥಾನಗಳಲ್ಲಿ ಮನೆಯಿಂದ ಮನೆಗೆ ತಿರುಗಿ ಸಣ್ಣಪುಟ್ಟ ಸಾಮಾನುಗಳನ್ನು ಮಾರಿದನು. ಅನಂತರ ಶಾಲಾ ಉಪಾಧ್ಯಾಯನಾದನು. ಕಂಠಪಾಠವೂ ಬೆತ್ತವೂ ವಿದ್ಯೆಯ ಎರಡು ಕಣ್ಣುಗಳೆಂದು ನಂಬಿದ್ದ ಆ ಕಾಲದಲ್ಲಿ ಆತನು ಇವೆರಡನ್ನೂ ಕೈಬಿಡಲು ಹೊರಟನು. ಜ್ಞಾನವೆಂಬುದು ಹೊರಗಿನಿಂದ ತುಂಬತಕ್ಕ ವಸ್ತುವಾಗಿರದೆ ಮಗುವಿನೊಳಗೆ ಆಗಲೇ ಇರುವ ಬೆಳಕೆಂದೂ, ಪ್ರಶ್ನೆಯಿಂದ ಅದನ್ನು ಹೊರತರುವುದೇ ಉಪಾಧ್ಯಾಯನ ಕೆಲಸವೆಂದೂ ಆತನ ನಿಶ್ಚಯವಾಗಿತ್ತು.

೧೮೩೪ರ ಸೆಪ್ಟೆಂಬರಿನಲ್ಲಿ ಬಾಸ್ಟನ್ ನಗರದ ಮೇಸಾನಿಕ್ ಟೆಂಪಲ್ ಕಟ್ಟಡದಲ್ಲಿ ಸುಮಾರು ೩೦ ಮಕ್ಕಳೊಡನೆ ಆತನು ತೆರೆದ ಶಾಲೆ ಆ ಕಟ್ಟಡದ ಹೆಸರಿನಿಂದಲೇ ಟೆಂಪಲ್ ಸ್ಕೂಲ್ ಎಂದು ಪ್ರಸಿದ್ಧವಾಯಿತು. ಕೊಠಡಿಯ ಮೂಲೆಗಳಲ್ಲಿ ಸಾಕ್ರಟೀಸ್, ಷೇಕ್ಸ್‌ಪಿಯರ್, ಮಿಲ್ಟನ್, ಸ್ಕಾಟ್ ಇವರ ಪ್ರತಿಮೆಗಳಿದ್ದುವು. ಮಕ್ಕಳು ದಿನಚರಿಯನ್ನು ಬರೆಯುತ್ತಿದ್ದರು. ಶಬ್ದಗಳ ಅರ್ಥವನ್ನು ತಮ್ಮ ಅನುಭವದಿಂದ ಹುಡುಕುತ್ತಿದ್ದರು. ಉಪಾಧ್ಯಾಯನು ಕೇಳುತ್ತಿದ್ದನು, ಅವರು ಉತ್ತರಿಸುತ್ತಿದ್ದರು. ಸಹಾಯಕಳಾಗಿದ್ದ ಎಲಿಜಬೆತ್ ಪೀಬಾಡಿ ಈ ಸಂವಾದಗಳನ್ನು ಅಲ್ಲಿಯೇ ಕುಳಿತು ಬರೆದುಕೊಂಡು ೧೮೩೫ರಲ್ಲಿ 'ರೆಕಾರ್ಡ್ ಆಫ್ ಎ ಸ್ಕೂಲ್' ಎಂಬ ಪುಸ್ತಕವನ್ನು ಪ್ರಕಟಿಸಿದಳು. ಆ ಶಾಲೆ ಕೆಲವು ಕಾಲ ನಗರದ ವಿದ್ಯಾವಂತರ ಹೆಮ್ಮೆಯಾಗಿತ್ತು.

ಏರಿದಷ್ಟೇ ಬೇಗ ಇಳಿತವೂ ಬಂದಿತು. ಕ್ರೈಸ್ತ ಸುವಾರ್ತೆಗಳನ್ನು ಕುರಿತು ಮಕ್ಕಳೊಡನೆ ನಡೆಸಿದ ಸಂಭಾಷಣೆಗಳನ್ನು ಆಲ್ಕಾಟನು ೧೮೩೬ ಮತ್ತು ೧೮೩೭ರಲ್ಲಿ ಎರಡು ಸಂಪುಟಗಳಾಗಿ ಪ್ರಕಟಿಸಿದನು. ಜನನದ ರಹಸ್ಯವನ್ನು ಮಕ್ಕಳ ಮುಂದೆ ಚರ್ಚಿಸಿದುದು, ಧರ್ಮವಿಚಾರದಲ್ಲಿ ಮಕ್ಕಳ ಮಾತಿಗೆ ಬೆಲೆ ಕೊಟ್ಟುದು, ಇವೆರಡರಿಂದಲೂ ಬಾಸ್ಟನ್ ನಗರವು ಕೆರಳಿತು. ಎಮರ್ಸನನು ಸ್ನೇಹಿತನ ಪರವಾಗಿ ನಿಂತರೂ ಫಲವಾಗಲಿಲ್ಲ. ಪೋಷಕರು ಮಕ್ಕಳನ್ನು ಬಿಡಿಸಿಕೊಂಡರು. ಶಾಲೆಯ ಪೀಠೋಪಕರಣಗಳೂ ಪುಸ್ತಕಗಳೂ ೧೮೩೭ರಲ್ಲಿ ಹರಾಜಾದುವು. ಉಳಿದ ಕೆಲವೇ ಮಕ್ಕಳೊಡನೆ ಆತನು ಮನೆಯಲ್ಲಿಯೇ ಪಾಠವನ್ನು ಮುಂದುವರಿಸಿದನು. ೧೮೩೯ರಲ್ಲಿ ಕಪ್ಪು ಜನಾಂಗದ ಬಾಲಕಿಯೊಬ್ಬಳನ್ನು ಆ ಶಾಲೆಗೆ ಸೇರಿಸಿಕೊಂಡಾಗ, ಆಕೆಯನ್ನು ಹೊರಗೆ ಕಳುಹಿಸಬೇಕೆಂದು ಇತರ ಪೋಷಕರು ಒತ್ತಾಯಪಡಿಸಿದರು. ಆಲ್ಕಾಟನು ಒಪ್ಪಲಿಲ್ಲ. ಶಾಲೆ ಮುಚ್ಚಿಹೋಯಿತು. ಬಾಲಕಿಯನ್ನು ಕಳುಹಿಸಿ ಶಾಲೆಯನ್ನು ಉಳಿಸಿಕೊಳ್ಳುವ ದಾರಿ ಆತನ ಮುಂದೆ ತೆರೆದೇ ಇತ್ತು. ಆತನು ಶಾಲೆಯನ್ನು ಬಿಟ್ಟುಕೊಟ್ಟನು.

ಇದು ಆತನ ಜೀವನದ ಅತ್ಯಂತ ಉಜ್ಜ್ವಲವಾದ ಕ್ಷಣ. ಅದರ ಹಿಂದೆಯೇ ಕತ್ತಲೆಯೂ ಇದೆ. ೧೮೪೩ರ ಜೂನ್ ತಿಂಗಳಲ್ಲಿ ಚಾರ್ಲ್ಸ್ ಲೇನ್ ಎಂಬ ಆಂಗ್ಲ ಮಿತ್ರನೊಡನೆ ಸೇರಿ, ಮ್ಯಾಸಚೂಸೆಟ್ಸಿನ ಹಾರ್ವರ್ಡ್ ಎಂಬ ಹಳ್ಳಿಯ ಬಳಿ 'ಫ್ರೂಟ್‌ಲ್ಯಾಂಡ್ಸ್' ಎಂಬ ಸಾಮುದಾಯಿಕ ಆಶ್ರಮವನ್ನು ಆತನು ಸ್ಥಾಪಿಸಿದನು. ಅಲ್ಲಿ ಪ್ರಾಣಿಜನ್ಯವಾದ ಆಹಾರವಿಲ್ಲ. ಕುರಿಯಿಂದ ಕಸಿದುದೆಂದು ಉಣ್ಣೆಯೂ ಇಲ್ಲ, ಗುಲಾಮರ ದುಡಿಮೆಯಿಂದ ಬಂದುದೆಂದು ಹತ್ತಿಬಟ್ಟೆಯೂ ಇಲ್ಲ. ತತ್ತ್ವವು ನಿರ್ಮಲವಾಗಿತ್ತು. ಆದರೆ ಪುರುಷರು ತತ್ತ್ವಪ್ರಚಾರಕ್ಕೆಂದು ಊರೂರು ತಿರುಗುತ್ತಿದ್ದಾಗ ಹೊಲವೂ ಒಲೆಯೂ ಪತ್ನಿ ಅಬಿಗೇಲಳ ಪಾಲಿಗೆ ಉಳಿದುವು. ಏಳೇ ತಿಂಗಳಲ್ಲಿ, ೧೮೪೪ರ ಜನವರಿಯಲ್ಲಿ, ಪ್ರಯೋಗವು ಮುಗಿಯಿತು. ಅಲ್ಲಿಂದ ಮುಂದೆ ಬಹುಕಾಲ ಆ ಸಂಸಾರವು ಅಬಿಗೇಲಳ ಬಂಧುಗಳ ನೆರವಿನಿಂದಲೂ, ಎಮರ್ಸನನ ಔದಾರ್ಯದಿಂದಲೂ, ತಾಯಿಮಕ್ಕಳ ಹೊಲಿಗೆ, ಪಾಠ, ಚಾಕರಿಗಳಿಂದಲೂ ನಡೆಯಿತು. ಲೂಯಿಸಾಳು ೧೮೫೧ರಲ್ಲಿ ಡೆಡ್‌ಹ್ಯಾಮ್ ಎಂಬ ಊರಿನಲ್ಲಿ ಮನೆಗೆಲಸಕ್ಕೆ ನಿಂತು, ಹಲವು ವಾರಗಳ ದುಡಿಮೆಗೆ ೪ ಡಾಲರುಗಳನ್ನು ಪಡೆದಳು. ೧೮೫೪ರಲ್ಲಿ ತಂದೆಯು ದೂರದ ಪಶ್ಚಿಮ ಪ್ರಾಂತ್ಯಗಳಲ್ಲಿ ಉಪನ್ಯಾಸಯಾತ್ರೆಯನ್ನು ಮುಗಿಸಿ, ಚಳಿಯಲ್ಲಿ ನಡುಗುತ್ತ ಮನೆಗೆ ಮರಳಿದಾಗ ಆತನ ಬಳಿ ಇದ್ದುದು ಒಂದೇ ಡಾಲರು. ಆ ರಾತ್ರಿ ತಾಯಿಯು ಗೊಣಗದೆ ಆತನನ್ನು ಆದರಿಸಿದ ಬಗೆಯನ್ನು ಲೂಯಿಸಾಳು ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾಳೆ.

ಇಂಥ ತಂದೆಯ ಮಗಳು ಕಾದಂಬರಿ ಬರೆಯಲು ಕುಳಿತಾಗ ಏನು ಮಾಡಿದಳು? ಪ್ರಕಾಶಕನಾದ ಥಾಮಸ್ ನೈಲ್ಸನು ಬಾಲಕಿಯರಿಗಾಗಿ ಒಂದು ಪುಸ್ತಕವನ್ನು ಬರೆದುಕೊಡೆಂದು ಕೇಳಿದನು. ಅದೇ ಸಂಸ್ಥೆಯಿಂದ ತನ್ನ 'ಟ್ಯಾಬ್ಲೆಟ್ಸ್' ಎಂಬ ಚಿಂತನಗ್ರಂಥವೂ ಹೊರಬರಬೇಕೆಂಬ ಅಪೇಕ್ಷೆ ತಂದೆಗಿದ್ದಿತು. ೧೮೬೮ರಲ್ಲಿ ಎರಡೂ ಪ್ರಕಟವಾದುವು. ತಂದೆಯ ಗ್ರಂಥವನ್ನು ಇಂದು ವಿದ್ವಾಂಸರು ಮಾತ್ರ ಬಲ್ಲರು. ಮಗಳ 'ಲಿಟಲ್ ವಿಮೆನ್' ಲೋಕವೆಲ್ಲ ಓದಿದ ಪುಸ್ತಕವಾಯಿತು. ಅದರ ಎರಡನೆಯ ಭಾಗವು ೧೮೬೯ರಲ್ಲಿ ಬಂದಿತು.

'ಲಿಟಲ್ ವಿಮೆನ್' ಕಾದಂಬರಿಯ ತಂದೆಯಾದ ಮಾರ್ಚನು ಮೊದಲ ಭಾಗದ ಬಹುಪಾಲಿನಲ್ಲಿ ಮನೆಯಲ್ಲಿಯೇ ಇಲ್ಲ. ಅಂತರ್ಯುದ್ಧದ ಸೇನೆಯಲ್ಲಿ ಧರ್ಮೋಪದೇಶಕನಾಗಿ ಹೋಗಿದ್ದಾನೆ. ಪತ್ರವಾಗಿ ಬರುತ್ತಾನೆ, ಕಾಯಿಲೆಯ ಸುದ್ದಿಯಾಗಿ ಬರುತ್ತಾನೆ, ಕೊನೆಗೆ ಕ್ರಿಸ್‌ಮಸ್ ಹಬ್ಬದಂದು ತಾನೇ ಬರುತ್ತಾನೆ. ಬಂದ ಮೇಲೆಯೂ ಪುಸ್ತಕಗಳ ನಡುವೆ ಸೇರಿಹೋಗುತ್ತಾನೆ. ಆತನೇ ಮನೆಯ ಅಂತಃಸಾಕ್ಷಿಯೆಂದು ಲೇಖಕಿ ಹೇಳುತ್ತಾಳೆ. ಆದರೆ ಆ ಅಂತಃಸಾಕ್ಷಿಯು ಮಾತನಾಡುವುದು ಅಪರೂಪ. ಬಾಳಿನಲ್ಲಿ ಯುದ್ಧಕ್ಕೆ ಹೋದವಳು ಮಗಳು, ತಂದೆಯಲ್ಲ. ೧೮೬೨ರ ಡಿಸೆಂಬರಿನಲ್ಲಿ ಜಾರ್ಜ್‌ಟೌನಿನ ಸೇನಾ ಆಸ್ಪತ್ರೆಗೆ ದಾದಿಯಾಗಿ ಹೋದ ಲೂಯಿಸಾಳು ವಿಷಮಜ್ವರಕ್ಕೆ ತುತ್ತಾದಳು. ೧೮೬೩ರ ಜನವರಿಯಲ್ಲಿ ತಂದೆಯೇ ಹೋಗಿ ಆಕೆಯನ್ನು ಕರೆತಂದನು. ಕಾದಂಬರಿಯಲ್ಲಿ ರೋಗಿಯು ತಂದೆ. ಆತನ ಶುಶ್ರೂಷೆಗೆ ಹೋಗುವವಳು ತಾಯಿ. ತನ್ನ ಯುದ್ಧವನ್ನೂ ತನ್ನ ಜ್ವರವನ್ನೂ ಮಗಳು ತಂದೆಗೆ ಕೊಟ್ಟುಬಿಟ್ಟಳು. ಬಡತನದ ಕಾರಣವನ್ನು ಕೂಡ ಬದಲಾಯಿಸಿದಳು. ಕಾದಂಬರಿಯಲ್ಲಿ ಮಾರ್ಚನು ಕಷ್ಟದಲ್ಲಿದ್ದ ಸ್ನೇಹಿತನಿಗೆ ನೆರವಾಗಲು ಹೋಗಿ ಆಸ್ತಿಯನ್ನು ಕಳೆದುಕೊಂಡನು. ಮುಚ್ಚಿಹೋದ ಶಾಲೆಯ ಹೆಸರೂ ಇಲ್ಲ, ಫ್ರೂಟ್‌ಲ್ಯಾಂಡ್ಸಿನ ನೆರಳೂ ಇಲ್ಲ.

ಇದನ್ನು ಕಂಡ ಅನೇಕ ವಿಮರ್ಶಕರು ಮಗಳ ಒಳಗಿನ ಕೋಪವೇ ತಂದೆಯನ್ನು ಕಥೆಯಿಂದ ಹೊರಗೆ ಕಳುಹಿಸಿತೆಂದು ಹೇಳುತ್ತಾರೆ. ಈ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ತಂದೆಯು ಮನೆಯಲ್ಲಿ ಕುಳಿತಿದ್ದರೆ, ಆತನು ಏಕೆ ಸಂಪಾದಿಸುತ್ತಿಲ್ಲವೆಂಬ ಪ್ರಶ್ನೆಗೆ ಕಥೆಯು ಪ್ರತಿಯೊಂದು ಪುಟದಲ್ಲಿಯೂ ಉತ್ತರ ಕೊಡಬೇಕಾಗುತ್ತಿತ್ತು. ಆದರೆ ಇಷ್ಟಕ್ಕೇ ವಿಚಾರವನ್ನು ನಿಲ್ಲಿಸಿದರೆ ಎರಡನೆಯ ಭಾಗದಲ್ಲಿ ಬರುವ ಒಂದು ಸಣ್ಣ ಅಧ್ಯಾಯವು ಕೈತಪ್ಪಿಹೋಗುತ್ತದೆ. ಹಿರಿಯ ಮಗಳು ಮೆಗ್ಗಳ ಅವಳಿಮಕ್ಕಳಲ್ಲಿ ಒಬ್ಬನಾದ ಡೆಮಿಗೆ ಅಜ್ಜನೇ ಅಕ್ಷರಗುರು. ಅಜ್ಜನು ತನ್ನ ಕೈಕಾಲುಗಳನ್ನು ಬಗ್ಗಿಸಿ ಅಕ್ಷರಗಳ ಆಕಾರವನ್ನು ತೋರಿಸಿ ಕಲಿಸುತ್ತಾನೆ. ಕಾಲುಗಳು ಏಕೆ ಚಲಿಸುತ್ತವೆ ಎಂದು ಮೊಮ್ಮಗನು ಕೇಳುತ್ತಾನೆ, ಮನಸ್ಸು ಎಲ್ಲಿರುತ್ತದೆ ಎಂದು ಅಜ್ಜನು ಕೇಳುತ್ತಾನೆ. ಮನಸ್ಸು ತನ್ನ ಪುಟ್ಟ ಹೊಟ್ಟೆಯಲ್ಲಿದೆಯೆಂದು ಮಗು ಉತ್ತರಿಸುತ್ತದೆ. ಇಲ್ಲಿ ಪುಸ್ತಕಗಳ ನಡುವೆ ಮೌನವಾಗಿದ್ದ ಮಾರ್ಚನು ಇದ್ದಕ್ಕಿದ್ದಂತೆ ಜೀವಂತನಾಗುತ್ತಾನೆ. ಲೇಖಕಿ ನಗುತ್ತಾಳೆ, ಆದರೆ ಆ ನಗೆಯಲ್ಲಿ ಕುಚೋದ್ಯವಿಲ್ಲ. ಟೆಂಪಲ್ ಸ್ಕೂಲಿನ ಸಂವಾದಪದ್ಧತಿಯನ್ನು ತೊಟ್ಟಿಲ ಮಟ್ಟಕ್ಕೆ ಇಳಿಸಿ, ಅದರ ಸೊಗಸನ್ನೂ ಅದರ ವಿನೋದವನ್ನೂ ಒಟ್ಟಿಗೆ ಕಾಣಿಸುತ್ತಾಳೆ. ತಂದೆಯಾಗಿ ನಿಲ್ಲಲಾರದವನು ಗುರುವಾದೊಡನೆ ನಿಲ್ಲುತ್ತಾನೆ ಎಂಬ ಸುಳಿವು ಇಲ್ಲಿಯೇ ಇದೆ. ಆ ಸುಳಿವನ್ನು ಹಿಡಿದೇ ಆಕೆ ಎರಡು ವರ್ಷಗಳ ಅನಂತರ 'ಲಿಟಲ್ ಮೆನ್' ಕಾದಂಬರಿಯನ್ನು ಬರೆದಳು.

ಈ ಎರಡು ಕೃತಿಗಳನ್ನು ಬೆಸೆಯುವ ಒಂದು ಜೋಡಿ ಚಿತ್ರವನ್ನು ಸಾಹಿತ್ಯದ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. 'ಲಿಟಲ್ ವಿಮೆನ್' ಕಾದಂಬರಿಯಲ್ಲಿ ಕಿರಿಯ ಮಗಳು ಏಮಿಯು ನಿಷಿದ್ಧವಾದ ಉಪ್ಪಿನ ನಿಂಬೆಕಾಯಿಗಳನ್ನು ಶಾಲೆಗೆ ತಂದಳೆಂದು ಉಪಾಧ್ಯಾಯ ಡೇವಿಸನು ಎಲ್ಲರ ಮುಂದೆ ಆಕೆಯ ಅಂಗೈಗೆ ಹೊಡೆಯುತ್ತಾನೆ. ತಾಯಿ ಆಕೆಯನ್ನು ಆ ಶಾಲೆಯಿಂದ ಬಿಡಿಸಿಬಿಡುತ್ತಾಳೆ. 'ಲಿಟಲ್ ಮೆನ್' ಕಾದಂಬರಿಯಲ್ಲಿ ಪ್ಲಮ್‌ಫೀಲ್ಡ್ ಎಂಬ ವಸತಿಶಾಲೆಗೆ ಬಂದ ಅನಾಥ ಬಾಲಕ ನ್ಯಾಟನಿಗೆ ಸುಳ್ಳು ಹೇಳುವ ಚಾಳಿಯಿದೆ. ಅದು ದುಷ್ಟತನದಿಂದ ಹುಟ್ಟಿದ ಸುಳ್ಳಲ್ಲ, ಭಯದಿಂದ ಹುಟ್ಟಿದ್ದು. ಇನ್ನೊಮ್ಮೆ ಸುಳ್ಳಾಡಿದರೆ ಶಿಕ್ಷೆಯುಂಟು, ಆದರೆ ಪೆಟ್ಟು ಬೀಳುವುದು ತನ್ನ ಕೈಗೆಂದು ಗುರು ಬೇರನು ಮೊದಲೇ ಹೇಳಿರುತ್ತಾನೆ. ಸುಳ್ಳು ಮರುಕಳಿಸುತ್ತದೆ. ಗುರು ಕೋಲನ್ನು ಶಿಷ್ಯನ ಕೈಗೆ ಕೊಟ್ಟು, ತನ್ನ ಅಂಗೈಯನ್ನು ಮುಂದೆ ಚಾಚಿ, ಆರು ಪೆಟ್ಟು ಕೊಡೆಂದು ಆಜ್ಞಾಪಿಸುತ್ತಾನೆ. ಬಾಲಕನು ಅಳುತ್ತ ಮೆಲ್ಲಗೆ ಎರಡು ಹೊಡೆಯುತ್ತಾನೆ; ಗಟ್ಟಿಯಾಗಿ ಹೊಡೆಯೆಂದು ಹೇಳಿದ ಮೇಲೆ ಇನ್ನೆರಡು; ಗುರುವಿನ ಕೈ ಕೆಂಪಾಗುತ್ತದೆ; ಸಾಕೆ ಎಂದು ಬೇಡಿದರೂ ಇನ್ನೆರಡು ಉಳಿದಿವೆ. ಅನಂತರ ಬಾಲಕನು ಆ ಕೈಯನ್ನೇ ಅಪ್ಪಿಕೊಂಡು ಕುಸಿಯುತ್ತಾನೆ.

ಈ ಪ್ರಸಂಗವು ಕಲ್ಪನೆಯಿಂದ ಹುಟ್ಟಿದ್ದಲ್ಲ. ಟೆಂಪಲ್ ಸ್ಕೂಲಿನಲ್ಲಿ ತಪ್ಪು ಮಾಡಿದ ಬಾಲಕರಿಂದ ಆಲ್ಕಾಟನು ತನ್ನ ಕೈಗೇ ಹೊಡೆಸಿಕೊಂಡ ಘಟನೆಯನ್ನು ಪೀಬಾಡಿಯ ಪುಸ್ತಕವು ದಾಖಲಿಸಿದೆ. ಅಲ್ಲಿಯೂ ಮೊದಲ ಪೆಟ್ಟುಗಳು ಹಗುರವಾಗಿಯೇ ಬಿದ್ದುವು. ತಪ್ಪು ಇಷ್ಟೇ ಹಗುರವೆ ಎಂದು ಗುರು ಕೇಳಿದ ಮೇಲೆ ಬಾಲಕರು ಗಟ್ಟಿಯಾಗಿ ಹೊಡೆದು ಅತ್ತರು. ೧೮೩೨ರ ನವೆಂಬರ್ ೨೯ರಂದು, ಎಂದರೆ ತಂದೆಯ ಹುಟ್ಟುಹಬ್ಬದ ದಿನವೇ ಜನಿಸಿದ ಲೂಯಿಸಾಳಿಗೆ ಆ ಶಾಲೆ ತೆರೆದಾಗ ಎರಡು ವರ್ಷವೂ ತುಂಬಿರಲಿಲ್ಲ. ಆದುದರಿಂದ ಅದು ಆಕೆಯ ಕಣ್ಣಿನ ನೆನಪಾಗಿರಲಾರದು. ಮನೆಯ ಮಾತಿನಿಂದಲೂ ಆ ಪುಸ್ತಕದಿಂದಲೂ ಆಕೆಗೆ ಸಂದ ಆಸ್ತಿಯಾಗಿತ್ತು. ೧೮೭೪ರಲ್ಲಿ ಪೀಬಾಡಿಯ ಪುಸ್ತಕವು ಮರುಮುದ್ರಣಗೊಂಡಾಗ ಲೂಯಿಸಾಳೇ ಅದಕ್ಕೆ ಮುನ್ನುಡಿಯ ಮಾತುಗಳನ್ನು ಬರೆದಳು. ಪ್ಲಮ್‌ಫೀಲ್ಡಿನಂಥ ಶಾಲೆ ನಿಜವಾಗಿ ಇದ್ದಿತೆ ಎಂದು ಕೇಳುವವರಿಗೆ ಈ ಪುಸ್ತಕವೇ ಉತ್ತರವೆಂದೂ, ಮಗಳ ಮಕ್ಕಳ ಕಥೆಯು ತಂದೆಯ ಸತ್ಯಗಳಿಗೆ ಮುಂದೂತನಾಗುವುದು ಯೋಗ್ಯವೆಂದೂ ಅಲ್ಲಿಯ ಭಾವ. ಮೂಲವ್ಯಕ್ತಿ ಯಾರೆಂಬ ವಿಷಯದಲ್ಲಿ ಊಹೆಗೆ ಎಡೆಯಿಲ್ಲದಂತೆ ಲೇಖಕಿಯೇ ಸಾಕ್ಷಿ ನುಡಿದಿದ್ದಾಳೆ.

ಹಾಗಿದ್ದರೆ ತಂದೆಯ ಈ ಮಹತ್ಕಾರ್ಯವನ್ನು ಮಾರ್ಚನಿಗೆ ಕೊಡದೆ ಬೇರನಿಗೆ ಏಕೆ ಕೊಟ್ಟಳು? ಬೇರನು ಜರ್ಮನ್ ದೇಶದವನು, ಗಡ್ಡವುಳ್ಳ ದೊಡ್ಡ ಮನುಷ್ಯ, ನಾಯಕಿ ಜೋಳ ಪತಿ. ಸ್ವಭಾವದಲ್ಲಿ ಆಲ್ಕಾಟನಿಗೆ ಹೋಲಿಕೆ ಅಲ್ಪ. ಆದರೆ ಬೇರನಲ್ಲಿ ಆಲ್ಕಾಟನಿಗೆ ಇಲ್ಲದ ಒಂದು ಗುಣವಿದೆ. ತನ್ನನ್ನು ನಂಬಿದ ಮಕ್ಕಳ ಹೊಟ್ಟೆಗೆ ತಾನು ಹೊಣೆಯೆಂದು ಆತನು ಬಲ್ಲನು. 'ಲಿಟಲ್ ವಿಮೆನ್' ಕಾದಂಬರಿಯಲ್ಲಿ ಮೊದಲು ಕಾಣಿಸಿಕೊಳ್ಳುವಾಗಲೇ ಆತನು ಅನಾಥರಾದ ಸೋದರಿಯ ಮಕ್ಕಳನ್ನು ಸಾಕಲು ನ್ಯೂಯಾರ್ಕಿನಲ್ಲಿ ಪಾಠ ಹೇಳುತ್ತಿರುವ ದುಡಿಮೆಗಾರ. ಪ್ಲಮ್‌ಫೀಲ್ಡ್ ಶಾಲೆಯ ತಳಹದಿಯನ್ನೂ ಲೇಖಕಿ ಎಚ್ಚರಿಕೆಯಿಂದ ಹಾಕಿದ್ದಾಳೆ. ಮನೆ ಮತ್ತು ಜಮೀನು ಅತ್ತೆ ಮಾರ್ಚಳ ಮರಣಪತ್ರದಿಂದ ಜೋಳಿಗೆ ಬಂದುವು. ಸಿರಿವಂತರ ಮಕ್ಕಳು ಶುಲ್ಕ ಕೊಟ್ಟು ಓದುತ್ತಾರೆ, ಬಡವರ ಮಕ್ಕಳು ಅದರ ನೆರಳಿನಲ್ಲಿ ಓದುತ್ತಾರೆ. ಪ್ರತಿಯೊಬ್ಬ ಬಾಲಕನಿಗೂ ತೋಟದಲ್ಲಿ ಒಂದು ಪಾತಿಯುಂಟು. ಅದರಲ್ಲಿ ಆತನೇ ಬಿತ್ತಬೇಕು, ಕಳೆ ಕೀಳಬೇಕು, ಕೊಯ್ಯಬೇಕು. ಟಾಮಿ ಎಂಬ ಬಾಲಕನು ಕೋಳಿಗಳನ್ನು ಸಾಕಿ ಮೊಟ್ಟೆಗಳನ್ನು ಶಾಲೆಯ ಒಡತಿಗೇ ಮಾರುತ್ತಾನೆ. ಇಡೀ ಕಾದಂಬರಿಯಲ್ಲಿ ಊಟದ ಮೇಜು ಎಂದೂ ಬರಿದಾಗುವುದಿಲ್ಲ. ಫ್ರೂಟ್‌ಲ್ಯಾಂಡ್ಸಿನ ಚಳಿಗಾಲವನ್ನು ಹನ್ನೊಂದನೆಯ ವಯಸ್ಸಿನಲ್ಲಿ ಕಂಡಿದ್ದ ಲೇಖಕಿಯ ಕೈಯಿಂದ ಬಂದ ಈ ತುಂಬಿದ ಮೇಜನ್ನು ಬರಿಯ ಅಲಂಕಾರವೆಂದು ತಿಳಿಯಬಾರದು.

ಕಾದಂಬರಿಯು ಹುಟ್ಟಿದ ಸಂದರ್ಭವೂ ಇದನ್ನೇ ಸಮರ್ಥಿಸುತ್ತದೆ. ೧೮೭೦ರ ನವೆಂಬರಿನಲ್ಲಿ ಅಕ್ಕ ಆ್ಯನಾಳ ಪತಿ ಜಾನ್ ಪ್ರಾಟನು ತೀರಿಕೊಂಡನು. ಯುರೋಪ್ ಪ್ರವಾಸದಲ್ಲಿದ್ದ ಲೂಯಿಸಾಳಿಗೆ ರೋಮ್ ನಗರದಲ್ಲಿ ಈ ಸುದ್ದಿ ತಲಪಿತು. ತಂದೆಯಿಲ್ಲದ ಇಬ್ಬರು ಮಕ್ಕಳಿಗೆ ಜೀವನಾಧಾರ ಒದಗಬೇಕೆಂದು ಆಕೆ ಅಲ್ಲಿಯೇ 'ಲಿಟಲ್ ಮೆನ್' ಬರೆಯಲು ತೊಡಗಿದಳು. ೧೮೭೧ರ ಜೂನ್ ತಿಂಗಳಲ್ಲಿ ಆಕೆ ಬಾಸ್ಟನ್ ಬಂದರಿಗೆ ಮರಳಿದಾಗ, ತಂದೆಯೂ ಪ್ರಕಾಶಕನೂ ಆ ಪುಸ್ತಕದ ಕೆಂಪು ಜಾಹೀರಾತನ್ನು ಗಾಡಿಗೆ ಅಂಟಿಸಿಕೊಂಡು ಎದುರುಗೊಳ್ಳಲು ಬಂದಿದ್ದರು. ತಂದೆಯ ವಿದ್ಯಾತತ್ತ್ವವನ್ನು ಹೇಳುವ ಪುಸ್ತಕವು, ತಂದೆಯು ಮಾಡಲಾರದೆ ಹೋದ ಕೆಲಸವನ್ನು, ಎಂದರೆ ಮಕ್ಕಳ ಅನ್ನದ ವ್ಯವಸ್ಥೆಯನ್ನು, ಮಾಡುವುದಕ್ಕಾಗಿಯೇ ಬರೆಯಲ್ಪಟ್ಟಿತು. ಬೇರನ ಪಾತ್ರದಲ್ಲಿ ಈ ಎರಡೂ ಒಂದಾಗಿವೆ. ತಂದೆಯ ಅರಿವಿಗೆ ತಾಯಿಯ ಆಚಾರವನ್ನು ಕೂಡಿಸಿದರೆ ಎಂಥ ಗುರುವಾಗುತ್ತಿದ್ದನೋ ಅಂಥವನೇ ಬೇರ್. ವಚನಗಳನ್ನು ಓದಿ ಬೆಳೆದ ಕನ್ನಡಿಗರಿಗೆ ಈ ಮಾತನ್ನು ವಿವರಿಸಬೇಕಾದ ಅಗತ್ಯವಿಲ್ಲ. ನುಡಿಯು ನಡೆಯಲ್ಲಿ ಪರೀಕ್ಷೆಗೊಳ್ಳಬೇಕು, ಆ ಪರೀಕ್ಷೆ ಮನೆಯೊಳಗೆ ನಡೆಯಬೇಕು ಎಂಬ ಅರಿವು ಅವರಿಗೆ ಹೊಸದಲ್ಲ.

ಮೂರನೆಯ ಚಿತ್ರವು ೧೮೭೩ರಲ್ಲಿ ಬಂದಿತು. 'ಟ್ರಾನ್ಸೆಂಡೆಂಟಲ್ ವೈಲ್ಡ್ ಓಟ್ಸ್' ಎಂಬ ಆ ಚಿಕ್ಕ ಬರಹದಲ್ಲಿ ಫ್ರೂಟ್‌ಲ್ಯಾಂಡ್ಸಿನ ಕಥೆಯನ್ನು ಲೂಯಿಸಾಳು ಹಾಸ್ಯವಾಗಿ ನಿರೂಪಿಸಿದಳು. ತಂದೆಗೆ ಏಬಲ್ ಲ್ಯಾಂಬ್ ಎಂದೂ ತಾಯಿಗೆ ಸೋದರಿ ಹೋಪ್ ಎಂದೂ ಹೆಸರು. ಬೆಳೆದು ನಿಂತ ಧಾನ್ಯದ ಮೇಲೆ ಬಿರುಗಾಳಿ ಕವಿಯುತ್ತಿದೆ. ಪುರುಷರು ಯಾವುದೋ ಆತ್ಮಪ್ರೇರಣೆಯ ಕರೆಗೆ ಓಗೊಟ್ಟು ಹೊರಟುಹೋಗಿದ್ದಾರೆ. ಹೋಪಳು ಮಕ್ಕಳನ್ನು ಕಟ್ಟಿಕೊಂಡು ಬಟ್ಟೆಯ ಬುಟ್ಟಿಗಳಲ್ಲಿಯೂ ಹಾಸುಬಟ್ಟೆಗಳಲ್ಲಿಯೂ ಧಾನ್ಯವನ್ನು ತುಂಬಿ ಕಣಜಕ್ಕೆ ಎಳೆದೊಯ್ಯುತ್ತಾಳೆ. ಎಲ್ಲವೂ ಮುರಿದುಬಿದ್ದ ಮೇಲೆ ಏಬಲನು ಗೋಡೆಗೆ ಮುಖ ಮಾಡಿ ಮಲಗಿ, ಅನ್ನನೀರನ್ನು ಬಿಟ್ಟು ಸಾವಿಗಾಗಿ ಕಾಯುತ್ತಾನೆ. ಪತ್ನಿಯ ಮತ್ತು ಮಕ್ಕಳ ನೆನಪು ಆತನನ್ನು ಮತ್ತೆ ಬದುಕಿಗೆ ಎಳೆಯುತ್ತದೆ. ನಗೆಯು ಇಲ್ಲಿ ಹರಿತವಾಗಿದೆ; ಆದರೆ ಏಬಲನ ಮೇಲೆ ಕರುಣೆ ಎಲ್ಲಿಯೂ ಬತ್ತಿಲ್ಲ. ಆತನು ಕಪಟಿಯಲ್ಲ. ಲೋಕವು ಇನ್ನೂ ಕೊಡಲಾರದುದನ್ನು ಲೋಕದಿಂದ ಕೇಳಿದವನು, ಕೇಳುವಾಗ ಪಕ್ಕದಲ್ಲಿ ಹೊರೆ ಹೊತ್ತು ನಿಂತವಳನ್ನು ಕಾಣದೆ ಹೋದವನು. ತಂದೆಯ ಬಾಳನ್ನು ಕುರಿತು 'ಒಂದು ವಿಚಾರದ ಬೆಲೆ' ಎಂಬ ಅರ್ಥದ ಶೀರ್ಷಿಕೆಯಿಂದ ಒಂದು ಕಾದಂಬರಿಯನ್ನೇ ಬರೆಯಬೇಕೆಂಬ ಸಂಕಲ್ಪ ಲೂಯಿಸಾಳಿಗಿದ್ದಿತು. ಅದು ಕೊನೆಗೂ ಕೈಗೂಡಲಿಲ್ಲ. ಆ ಬರೆಯದ ಕಾದಂಬರಿಯ ಬೀಜವು ಈ ಕಿರುಬರಹದಲ್ಲಿ ಉಳಿದಿದೆ ಎನ್ನಬಹುದು.

ಇಷ್ಟು ಮೆಚ್ಚಿಗೆಯ ಮಾತನ್ನು ಹೇಳಿದ ಮೇಲೆ ಒಂದು ದೋಷವನ್ನು ಮರೆಮಾಚುವುದು ವಿಮರ್ಶೆಯ ಧರ್ಮವಾಗಲಾರದು. ಆಲ್ಕಾಟನ ಉಪಾಧ್ಯಾಯವೃತ್ತಿಯ ಶಿಖರವು ೧೮೩೯ರ ಆ ಬಾಲಕಿಯ ಪ್ರಸಂಗವೆಂಬುದನ್ನು ಮೇಲೆ ಹೇಳಿದೆ. 'ಲಿಟಲ್ ವಿಮೆನ್' ಕಾದಂಬರಿಯ ಕೊನೆಯ ಅಧ್ಯಾಯದಲ್ಲಿ ಅದರ ಪ್ರತಿಧ್ವನಿಯೊಂದು ಕೇಳಿಸುತ್ತದೆ. ಬೇರೆಲ್ಲಿಯೂ ಪ್ರವೇಶ ಸಿಗದ ಮಿಶ್ರವರ್ಣದ ಬಾಲಕನೊಬ್ಬನಿಗೆ ಪ್ಲಮ್‌ಫೀಲ್ಡಿನಲ್ಲಿ ಸ್ವಾಗತ ದೊರೆಯಿತೆಂದೂ, ಆತನನ್ನು ಸೇರಿಸಿಕೊಂಡರೆ ಶಾಲೆಯೇ ಹಾಳಾದೀತೆಂದು ಕೆಲವರು ಭವಿಷ್ಯ ನುಡಿದರೆಂದೂ ಲೇಖಕಿ ಅಲ್ಲಿ ಹೇಳುತ್ತಾಳೆ. ಬಾಳಿನಲ್ಲಿ ಶಾಲೆ ಹಾಳಾಯಿತು, ಕಥೆಯಲ್ಲಿ ಹಾಳಾಗಲಿಲ್ಲ. ಮಗಳು ತಂದೆಗೆ ಸಲ್ಲಿಸಿದ ನಮಸ್ಕಾರಗಳಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ. ಆದರೆ ಎರಡು ವರ್ಷಗಳ ಅನಂತರ 'ಲಿಟಲ್ ಮೆನ್' ಕಾದಂಬರಿಯಲ್ಲಿ ಶಾಲೆಯ ಬಾಲಕರನ್ನು ಒಬ್ಬೊಬ್ಬರನ್ನಾಗಿ ಪರಿಚಯಿಸುವಾಗ ಆ ಬಾಲಕನ ಸುಳಿವೇ ಇಲ್ಲ. ಅಂಗವಿಕಲನಿದ್ದಾನೆ, ಮಂದಮತಿಯಿದ್ದಾನೆ, ಬೀದಿಯ ಪಿಟೀಲುಗಾರನಿದ್ದಾನೆ, ಒರಟನಾದ ಡ್ಯಾನನಿದ್ದಾನೆ; ಆತನೊಬ್ಬನಿಲ್ಲ. ಕಪ್ಪು ಜನಾಂಗದವರ ಪ್ರತಿನಿಧಿಯಾಗಿ ಅಡುಗೆಮನೆಯಲ್ಲಿ ಏಷಿಯಾ ಎಂಬ ಅಡುಗೆಯವಳು ಮಾತ್ರ ಉಳಿದಿದ್ದಾಳೆ. ತಂದೆಯ ಎಲ್ಲ ಕೊರತೆಗಳನ್ನೂ ತುಂಬಿದ ಕಾದಂಬರಿಯು ತಂದೆಯ ಅತಿ ದೊಡ್ಡ ಧೈರ್ಯವನ್ನು ಹೊರಬಾಗಿಲಲ್ಲಿ ಬಿಟ್ಟುಬಂದಿತು. ಓದುಗಬಳಗವು ವಿಸ್ತಾರವಾದಂತೆ ಲೇಖಕಿಯ ಕೈ ಕಟ್ಟಿತೋ, ಕಥೆಯ ಹದಕ್ಕೆ ಅದು ಒಗ್ಗಲಿಲ್ಲವೋ, ಕಾರಣ ಯಾವುದಾದರೂ ಆಗಿರಲಿ. ಶಾಲೆಯನ್ನು ಕಳೆದುಕೊಂಡ ಆಲ್ಕಾಟನು ಈ ಒಂದು ವಿಷಯದಲ್ಲಿ ಶಾಲೆಯನ್ನು ಉಳಿಸಿಕೊಂಡ ಬೇರನಿಗಿಂತ ಎತ್ತರದಲ್ಲಿ ನಿಲ್ಲುತ್ತಾನೆ.

ಬೇರನ ಪಾತ್ರದಲ್ಲಿ ಇನ್ನೊಂದು ಮಿತಿಯನ್ನೂ ಗುರುತಿಸಬಹುದು. ಆತನು ಕೋಪಗೊಳ್ಳುವುದು ಅಪರೂಪ, ತಪ್ಪುವುದು ಇನ್ನೂ ಅಪರೂಪ. ಆಲ್ಕಾಟನಿಂದ ಸೋಲನ್ನು ಕಳೆದುದರಿಂದ ದೊರೆತ ಪೂರ್ಣತೆಯು ಬೇರನನ್ನು ಅಲ್ಲಲ್ಲಿ ಮಂಕಾಗಿಸಿದೆ. ಆದರೂ ಆತನ ಬೋಧನೆಯು ಸರ್ವಶಕ್ತವೆಂದು ಲೇಖಕಿ ಎಲ್ಲಿಯೂ ಸಾಧಿಸಲು ಹೋಗಿಲ್ಲ. ಡ್ಯಾನನನ್ನು ಒಮ್ಮೆ ಪ್ಲಮ್‌ಫೀಲ್ಡಿನಿಂದ ಹೊರಗೆ ಕಳುಹಿಸಬೇಕಾಗುತ್ತದೆ. ೧೮೮೬ರಲ್ಲಿ ಬಂದ 'ಜೋಸ್ ಬಾಯ್ಸ್' ಕಾದಂಬರಿಯಲ್ಲಿ ಅದೇ ಡ್ಯಾನನು ಜಗಳವೊಂದರಲ್ಲಿ ಒಬ್ಬನನ್ನು ಕೊಂದು ಸೆರೆಮನೆಯನ್ನು ಸೇರುತ್ತಾನೆ. ಪ್ರೀತಿಯಿಂದ ಕಲಿಸಿದ ಶಾಲೆಯ ಶಿಷ್ಯನೂ ಎಡವಬಲ್ಲನೆಂಬುದನ್ನು ಒಪ್ಪಿಕೊಳ್ಳುವ ಈ ಪ್ರಾಮಾಣಿಕತೆಯು ಆ ಕಾದಂಬರಿಮಾಲೆಯನ್ನು ಬೋಧನಾಗ್ರಂಥಗಳ ಸಾಲಿನಿಂದ ಮೇಲಕ್ಕೆತ್ತಿದೆ.

ಕಥೆಯು ಬಾಳಿಗೆ ಮರಳಿ ಕೊಟ್ಟ ಫಲವನ್ನೂ ಇಲ್ಲಿ ನೆನೆಯಬೇಕು. 'ಲಿಟಲ್ ವಿಮೆನ್' ತಂದ ಹಣದಿಂದ ಲೂಯಿಸಾಳು ಮನೆಯ ಹಳೆಯ ಸಾಲಗಳನ್ನೆಲ್ಲ ತೀರಿಸಿದಳು. ಒಂದು ಕಾಲಕ್ಕೆ ಒಂದೇ ಡಾಲರಿನೊಡನೆ ಮರಳಿದ್ದ ಆಲ್ಕಾಟನ ಉಪನ್ಯಾಸಗಳಿಗೆ, ಆ ಕಾದಂಬರಿಯ ಸೋದರಿಯರ ತಂದೆಯನ್ನು ನೋಡುವ ಕುತೂಹಲದಿಂದಲೇ ಜನ ಸೇರತೊಡಗಿದರು. ೧೮೭೯ರಲ್ಲಿ, ಎಂಬತ್ತರ ಹೊಸ್ತಿಲಲ್ಲಿ, ಕಾಂಕರ್ಡ್ ಪಟ್ಟಣದಲ್ಲಿ ಆತನು ತತ್ತ್ವಶಾಸ್ತ್ರದ ಬೇಸಗೆ ಶಾಲೆಯೊಂದನ್ನು ತೆರೆದನು. ಅದು ಆತನ ಜೀವಮಾನದ ಉದ್ದಕ್ಕೂ ನಡೆಯಿತು. ಹಿಂದೆ ಶಾಲೆಗಳನ್ನು ಕಳೆದುಕೊಂಡವನಿಗೆ ಮುಪ್ಪಿನಲ್ಲಿ ಒಂದು ಶಾಲೆ ಉಳಿಯಿತು. ೧೮೮೮ರ ಮಾರ್ಚ್ ೪ರಂದು ಆತನು ತೀರಿಕೊಂಡನು; ಎರಡು ದಿನಗಳ ಅನಂತರ, ಮಾರ್ಚ್ ೬ರಂದು, ೫೫ರ ವಯಸ್ಸಿನಲ್ಲಿ ಮಗಳೂ ತೀರಿಕೊಂಡಳು.

ಕಥೆಯ ಪಾತ್ರವೊಂದಕ್ಕೆ ಮೂಲವ್ಯಕ್ತಿಯನ್ನು ಹು��ುಕುವ ವಿದ್ಯಾರ್ಥಿಗಳು ಸಾಮಾನ್ಯವಾಗಿ ಹೋಲಿಕೆಗಳ ಪಟ್ಟಿಯನ್ನು ಮಾಡಿ ತೃಪ್ತರಾಗುತ್ತಾರೆ. ಹೋಲಿಕೆಗಳಿಂದ ದೊರೆಯುವುದು ಸ್ವಲ್ಪವೇ. ಲೇಖಕಿ ಮೂಲದಿಂದ ಯಾವುದನ್ನು ಕಳೆದಳು, ಯಾವುದನ್ನು ಕೂಡಿಸಿದಳು, ಯಾವುದನ್ನು ಬೇರೊಬ್ಬರ ಹೆಸರಿಗೆ ಬರೆದಳು ಎಂಬುದನ್ನು ಅರಸಿದರೆ ಆಕೆಯ ಹೃದಯವೂ ವಿವೇಕವೂ ಕಾಣಿಸುತ್ತವೆ. ಲೂಯಿಸಾಳು ತಂದೆಯ ತತ್ತ್ವವನ್ನು ತಿರಸ್ಕರಿಸಲಿಲ್ಲ. ತಾಯಿ ಹೊತ್ತ ಹೊರೆಯನ್ನು ಮರೆಯಲೂ ಇಲ್ಲ. ತತ್ತ್ವಕ್ಕೆ ಒಂದು ತುಂಬಿದ ಮನೆಯನ್ನು ಕಟ್ಟಿಕೊಟ್ಟು, ಅಲ್ಲಿ ಅದು ಹೇಗೆ ಬಾಳೀತೆಂದು ಪರೀಕ್ಷಿಸಿ ನೋಡಿದಳು. ಗುರುವಿನ ಮಾತು ಮನೆಯವರ ಬೆವರನ್ನು ಬೇಡದೆ ನಡೆಯಬಲ್ಲುದೆ ಎಂಬುದೇ ಆ ಪರೀಕ್ಷೆಯ ಪ್ರಶ್ನೆ. ಪ್ಲಮ್‌ಫೀಲ್ಡಿನಲ್ಲಿಯೂ ಅದು ಬೆವರಿಲ್ಲದೆ ನಡೆಯಲಿಲ್ಲ. ಆದರೆ ಅಲ್ಲಿ ಬೆವರು ಒಬ್ಬಳ ಪಾಲಿಗೆ ಬೀಳದೆ ಗುರು, ಗುರುಪತ್ನಿ, ಶಿಷ್ಯರು ಎಲ್ಲರ ನಡುವೆ ಹಂಚಿಹೋಗಿದೆ. ಪೂಜ್ಯರಾದ ಹಿರಿಯರನ್ನು ಕುರಿತು ಬರೆಯಹೊರಟವರು, ವಿಶೇಷವಾಗಿ ತಮ್ಮ ಮನೆಯ ಹಿರಿಯರನ್ನು ಕುರಿತು ಬರೆಯಹೊರಟವರು, ಈ ಮೂರು ಚಿತ್ರಗಳನ್ನು ಒಟ್ಟಿಗೆ ಓದುವುದು ಒಳ್ಳೆಯದು.